ಮಧುಮೇಹಿಗಳು ಸ್ನಾಯು ಉತ್ತೇಜಕ ಯಂತ್ರವನ್ನು ಬಳಸುವ ಕ್ರಮ
ಮೊಣಕಾಲು ನೋವಿನಿಂದ ಅಡಿಕೆ ತೋಟಕ್ಕೊಂದು ಸುತ್ತು ಬರಲೂ ಆಗದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆಯ ಹಿರಿಯ ಮಧುಮೇಹಿಗಳಿಗೆ, ತೊಡೆಯ ಸ್ನಾಯುಗಳನ್ನು ವಿದ್ಯುತ್ತಿನಿಂದ ಸಂಕುಚಿಸುವ ಯಂತ್ರವು ಸ್ವಲ್ಪ ನೆರವಾಗಬಲ್ಲದು. ಏಕೆಂದರೆ ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದ ಗ್ಲೂಕೋಸನ್ನು ಹೀರಿಕೊಳ್ಳುತ್ತದೆ. ಆದರೆ ಇದು ಮಾತ್ರೆಗೆ ಬದಲಿಯಲ್ಲ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಅಪಸ್ಮಾರವಿರುವವರು ಮತ್ತು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ಬಳಸಬಾರದು; ಉಳಿದವರೂ ವೈದ್ಯರನ್ನು ಕೇಳಿಯೇ ತೊಡಗಬೇಕು.

ಕುಚ್ಚಲಕ್ಕಿ ಗಂಜಿ ಉಂಡು ಅರ್ಧ ಗಂಟೆಯ ಬಳಿಕ ಕುರ್ಚಿಯಲ್ಲಿ ಕುಳಿತು, ತೊಡೆಯ ಮುಂಭಾಗವನ್ನು ತೊಳೆದು ಒರೆಸಿ (ಎಣ್ಣೆಯ ಪಸೆಯಿದ್ದರೆ ಪ್ಯಾಡ್ ಅಂಟದು), ಎರಡು ಪ್ಯಾಡ್‌ಗಳನ್ನು ಅಂಗೈಯಗಲದ ಅಂತರದಲ್ಲಿ ಅಂಟಿಸಿ, ವಿದ್ಯುತ್ತನ್ನು ಸೊನ್ನೆಯಿಂದ ಮೆಲ್ಲನೆ ಏರಿಸುತ್ತ, ಸ್ನಾಯು ಬಿಗಿದು ಸಡಿಲುವುದು ಕಣ್ಣಿಗೆ ಕಾಣುವಲ್ಲಿ ನಿಲ್ಲಿಸಬೇಕು. ಬರೀ ಜುಮುಗುಟ್ಟಿದರೆ ಸಾಲದು. ಸ್ಪರ್ಶಜ್ಞಾನ ಮಂದವಾದವರಿಗೆ ಚರ್ಮ ಸುಟ್ಟರೂ ತಿಳಿಯದ ಕಾರಣ, ಪ್ಯಾಡ್ ತೆಗೆದೊಡನೆ ಆ ಜಾಗವನ್ನು ನೋಡಬೇಕು. ಆರಂಭದ ದಿನಗಳಲ್ಲಿ ಮುಂಚೆಯೂ ನಂತರವೂ ರಕ್ತದ ಗ್ಲೂಕೋಸನ್ನು ಗ್ಲುಕೋಮೀಟರಿನಲ್ಲಿ ಅಳೆದು ಬರೆದಿಡಬೇಕು. ಅದು 70 mg/dLಗಿಂತ (ಡೆಸಿಲೀಟರಿಗೆ 70 ಮಿಲಿಗ್ರಾಂ) ಇಳಿದರೆ ತಕ್ಷಣ ಸಕ್ಕರೆ ನೀರು ಕುಡಿಯಬೇಕು.