ನೇಪಾಳಕ್ಕೆ ಹೊರಟವರಿಗೆ ಸಿಮ್ ಬಗ್ಗೆ ಒಂದು ಮಾತು

ರೋಮಿಂಗ್ ಹಾಕಿಸದೆ ನಮ್ಮ ಸಿಮ್ ನೇಪಾಳದಲ್ಲಿ ನಡೆಯಲ್ಲ. ಅಲ್ಲಿನ ಸಿಮ್ ಕೊಳ್ಳೋದಾದರೆ ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣದಲ್ಲೇ ಎನ್‌ಸೆಲ್, ನೇಪಾಳ್ ಟೆಲಿಕಾಂ ಎರಡೂ ಮೊಬೈಲ್ ಕಂಪನಿಗಳ ಕೌಂಟರ್ ಇವೆ. ಪಾಸ್‌ಪೋರ್ಟ್ ಜೆರಾಕ್ಸ್, ಒಂದೆರಡು ಫೋಟೊ ಕೈಯಲ್ಲಿರಲಿ. ಪೇಟೆಗಳಲ್ಲಿ ಯಾವುದಾದರೂ ಆದೀತು. ಬೆಟ್ಟ ಹತ್ತುವವರಾದರೆ ನೇಪಾಳ್ ಟೆಲಿಕಾಂ ತಗೊಳ್ಳಿ ಅಂತೀನಿ, ಹಳ್ಳಿಗಾಡಲ್ಲಿ ಅದರ ಸಿಗ್ನಲ್ಲೇ ಹೆಚ್ಚು. ಎವರೆಸ್ಟ್ ದಾರಿಯ ಲಾಡ್ಜ್‌ಗಳಲ್ಲಿ ಎವರೆಸ್ಟ್ ಲಿಂಕ್ ವೈಫೈ ಕಾರ್ಡ್ ಸಿಗುತ್ತೆ.

ನಾನು ಮಾಡಿದ ಎಡವಟ್ಟು ಕೇಳಿ: ಊರಿನ ಸಿಮ್ ತೆಗೆದು ಪರ್ಸಿನ ಚಿಲ್ಲರೆ ಮಧ್ಯೆ ಹಾಕಿಬಿಟ್ಟಿದ್ದೆ. ಪೋಖರಾದಲ್ಲಿ ರೂಮ್ ಬುಕ್ ಮಾಡೋಕೆ ಹೋದರೆ ಬ್ಯಾಂಕಿನ ಒಟಿಪಿ ಬರೋದು ಅದಕ್ಕೇ! ಎರಡು ಸಿಮ್ಮಿನ ಫೋನಾದರೆ ಹಳೆಯದನ್ನೂ ಒಳಗೇ ಬಿಡಿ, ಊರಲ್ಲೇ ರೋಮಿಂಗ್ ಹಾಕಿಸಿಕೊಂಡು ಬನ್ನಿ, ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ಬೆಟ್ಟದ ಮೇಲೆ ಹೋದಾಗ ರಾತ್ರಿ ಫೋನನ್ನ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ, ಚಳಿಗೆ ಚಾರ್ಜ್ ಬೇಗ ಇಳಿಯುತ್ತೆ.