ಫಿಲ್ಟರ್ ಇಲ್ಲದೆ, ಬೋರ್‌ವೆಲ್ ನೀರಿನಲ್ಲೇ ಅಕ್ವೇರಿಯಂ: ನನ್ನ ಅನುಭವ

ತಿಪಟೂರಿನ ನಮ್ಮ ಮನೆಯ ಎರಡಡಿ ಟ್ಯಾಂಕಿಗೆ ಈಗ ಫಿಲ್ಟರೂ ಇಲ್ಲ, ಏರ್ ಪಂಪೂ ಇಲ್ಲ. ತಳದಲ್ಲಿ ಮಣ್ಣು, ಅದರ ಮೇಲೆ ಮರಳು, ತುಂಬ ಗಿಡ, ನೀರು ಬೋರ್‌ವೆಲ್‌ದೇ. ಮೂರು ವರ್ಷದ ಮೇಲಾಯಿತು, ಗಪ್ಪಿಗಳು ಮರಿ ಮೇಲೆ ಮರಿ ಹಾಕುತ್ತಿವೆ. "ಮಣ್ಣು ಹಾಕಿದ್ರೆ ಒಂದೇ ವಾರಕ್ಕೆ ಕೆಸರುಗದ್ದೆ ಆಗುತ್ತೆ ಸಾರ್" ಅಂದಿದ್ದ ಅಂಗಡಿಯವರೇ ಈಗ ನನ್ನ ಹತ್ತಿರ ವ್ಯಾಲಿಸ್ನೇರಿಯಾ (ಉದ್ದ ಪಟ್ಟಿಯಂಥ ಎಲೆಯ ನೀರುಗಿಡ) ಕೊಂಡುಕೊಂಡು ಹೋಗುತ್ತಾರೆ. ಹೊಸದಾಗಿ ಶುರು ಮಾಡುವವರು ಬಂದು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ಮೀನಿನ ಗಲೀಜಿನಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ, ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ (ಅದೂ ವಿಷವೇ), ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಮೀನು ಬಿಡುವ ಮೊದಲೇ ಈ ಬ್ಯಾಕ್ಟೀರಿಯಾವನ್ನು ಟ್ಯಾಂಕಿನಲ್ಲಿ ಬೆಳೆಸಿಕೊಳ್ಳುವುದಕ್ಕೆ "ಸೈಕಲ್" ಮಾಡುವುದು ಅನ್ನುತ್ತಾರೆ.

ಮೊದಲ ಸಲ ಗಾಜಿನ ಟ್ಯಾಂಕು, ಮುಚ್ಚಳ, ಹ್ಯಾಂಗಿಂಗ್ ಫಿಲ್ಟರ್, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ ಎಲ್ಲ ಸೇರಿ ಆರು ಸಾವಿರದ ಹತ್ತಿರ ಬಿತ್ತು. ಅವತ್ತೇ ನಿಯಾನ್ ಟೆಟ್ರಾ, ಗೋಲ್ಡ್‌ಫಿಶ್ ಎರಡನ್ನೂ ಕವರಿಗೆ ಹಾಕಿ ಕೊಟ್ಟರು. ಹದಿನೈದು ದಿನದೊಳಗೆ ಟ್ಯಾಂಕ್ ಖಾಲಿ. ಮತ್ತೆ ಮೀನು, ಔಷಧಿ, "ಬ್ಯಾಕ್ಟೀರಿಯಾ" ಬಾಟಲಿ ಅಂತ ಇನ್ನೊಂದು ಎರಡು ಸಾವಿರ ಹೋಯಿತು. ನಮ್ಮ ಬೋರಿನ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) ಏಳುನೂರರ ಆಸುಪಾಸು, ಪಿಎಚ್ (ಹುಳಿ-ಕ್ಷಾರದ ಅಳತೆ, ಏಳು ದಾಟಿದರೆ ಕ್ಷಾರ) ಎಂಟು. ಅಷ್ಟು ಪಿಎಚ್‌ನಲ್ಲಿ ಅಮೋನಿಯಾ ಸ್ವಲ್ಪ ಏರಿದರೂ ಕಿವಿರು ಸುಡುತ್ತದೆ. ಲವಣ ಕಡಿಮೆಯಿರುವ ಮೆದು ನೀರಿನ ಟೆಟ್ರಾ ಇಲ್ಲಿ ಬದುಕುವುದಾದರೂ ಹೇಗೆ?

ಸೈಕಲ್ ಮಾಡಿ, ಗಟ್ಟಿ ಮೀನೇ ತಂದು ಎರಡನೇ ಸಲ ನಿಲ್ಲಿಸಿದೆ. ಬೇಸಿಗೆ ಬಂತು, ಕರೆಂಟ್ ಕೈಕೊಟ್ಟಿತು. ನಾಲ್ಕೈದು ಗಂಟೆ ಫಿಲ್ಟರ್ ನಿಂತರೆ ಒಳಗಿನ ಸ್ಪಂಜಿಗೆ ಆಮ್ಲಜನಕ ಸಿಗದೆ ಬ್ಯಾಕ್ಟೀರಿಯಾ ಸಾಯಬಹುದು. ಕರೆಂಟ್ ಬಂದ ತಕ್ಷಣ ಆ ಕೊಳಕೆಲ್ಲ ಟ್ಯಾಂಕಿಗೇ ವಾಪಸ್. ಇನ್ವರ್ಟರ್ ಲೈನಿಗೆ ಹಾಕಿಸಿ ಅಂತ ಭಾವಮೈದ ಹೇಳಿದ. ಕರೆಂಟನ್ನೇ ನಂಬದ ಟ್ಯಾಂಕ್ ಮಾಡುತ್ತೇನೆ ಅಂತ ನಾನು ಹಟಕ್ಕೆ ಬಿದ್ದೆ.

ತೋಟದ ಮಣ್ಣು ಬೇಡವೆಂದೆ, ಅದರಲ್ಲಿ ಗೊಬ್ಬರ, ಯೂರಿಯಾ ಇರುತ್ತದೆ. ಬೇಲಿ ಬದಿಯ ಪಾಳು ಹುತ್ತದ ಮಣ್ಣು ತಂದೆ. ಪೂಜೆ ನಡೆಯುವ ಹುತ್ತವನ್ನು ಮುಟ್ಟಬೇಡಿ. ಪುಡಿ ಮಾಡಿ, ಜರಡಿ ಹಿಡಿದು, ಬಕೆಟ್ಟಿನಲ್ಲಿ ನೆನೆಸಿ ಮೇಲಿನ ನೀರನ್ನು ದಿನಾ ಬಸಿಯುತ್ತ ಎರಡು ವಾರ ಬಿಟ್ಟೆ. ಕೊನೆಗೆ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಒಂದು ಇಂಚು ಹರಡಿದೆ. ಕಲಸುವಾಗ ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಅದು ಮಾತ್ರ ನನ್ನ ಹತ್ತಿರವೇ ಇರಲಿ. ಅದಿಲ್ಲದೆಯೂ ಟ್ಯಾಂಕ್ ನಡೆಯುತ್ತದೆ.

ಮೇಲೆ ಹಾಕಲು ಸಿಕ್ಕಿದ್ದು ಎಂ-ಸ್ಯಾಂಡ್. ಎಷ್ಟು ತೊಳೆದರೂ ಅದರ ಬೂದು ಹಿಟ್ಟು ಬಿಡಲಿಲ್ಲ, ನೀರು ಹತ್ತು ದಿನ ತಿಳಿಯಾಗಲೇ ಇಲ್ಲ. ಎಲ್ಲ ತೆಗೆದು, ಹಳೆ ಮನೆ ಕಟ್ಟಿದಾಗ ಉಳಿದಿದ್ದ ಹೊಳೆ ಮರಳನ್ನು ಒಂದೂವರೆ ಇಂಚು ಹಾಕಿದೆ. ಅದರ ಮೇಲೆ ತಟ್ಟೆ ಇಟ್ಟು ನೀರು ಬಿಟ್ಟರೆ ಮಣ್ಣು ಏಳುವುದಿಲ್ಲ. ವಾರಕ್ಕೊಮ್ಮೆ ಬಿದಿರು ಕಡ್ಡಿಯಿಂದ ಮರಳನ್ನು ಮೆಲ್ಲಗೆ ಚುಚ್ಚಿ. ಗುಳ್ಳೆಯ ಜೊತೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಜಾಗದಲ್ಲಿ ಇನ್ನೂ ಗಿಡ ಬೇಕು ಅಂತಲೇ.

ಎಲ್ಲರೂ ಬೈಯುವ ಗಡಸು ನೀರೇ ನನ್ನ ಕೈ ಹಿಡಿದದ್ದು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಈ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್‌ನಿಂದಲೇ ಇಂಗಾಲ ತೆಗೆದುಕೊಳ್ಳುತ್ತವೆ, ಸಿಒ2 (ಇಂಗಾಲದ ಡೈಆಕ್ಸೈಡ್) ಸಿಲಿಂಡರಿಗೆ ದುಡ್ಡು ಸುರಿಯಬೇಕಿಲ್ಲ. ಬಿಸಿಲು ಹೊತ್ತಿನಲ್ಲಿ ಎಲೆಯನ್ನು ಎರಡು ಬೆರಳ ನಡುವೆ ಎಳೆದು ನೋಡಿ: ಸಣ್ಣಗೆ ತರಿತರಿ ಹತ್ತುತ್ತದೆ, ಉಗುರಿನಲ್ಲಿ ಕೆರೆದರೆ ಬಿಳಿ ಸುಣ್ಣ. ಗಿಡ ಊಟ ಮಾಡಿದ ಗುರುತು ಅದು. ಬೆಳಕಿಗೆ ಸಾದಾ ಹದಿನೈದು ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬು ಸಾಕು, ಬೆಳಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು ಉರಿಸುತ್ತೇನೆ. ನಡುವೆ ಬಿಡುವು ಕೊಟ್ಟ ಮೇಲೆ ಪಾಚಿ ಅರ್ಧಕ್ಕಿಳಿಯಿತು.

ಈ ಮೂರನೇ ಅವತಾರಕ್ಕೆ ಆದ ಖರ್ಚು ಐನೂರು ಚಿಲ್ಲರೆ. ಅಮೋನಿಯಾ ಟೆಸ್ಟ್ ಕಿಟ್ಟಿಗೆ ಏಳೆಂಟು ನೂರು ಬೇರೆ. ಅದನ್ನು ಮಾತ್ರ ಉಳಿಸಲು ಹೋಗಬೇಡಿ. ಗಿಡ ಬೇರು ಬಿಟ್ಟು ಹೊಸ ಎಲೆ ಬಂದು, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಮೀನು ಬಿಡಲಿಲ್ಲ. ತಿಂಗಳ ಮೇಲೇ ಹಿಡಿಯಿತು. "ಬರೀ ನೀರು ನೋಡ್ಕೊಂಡು ಕೂತಿದೀರಲ್ಲ ಭಾವ" ಅಂತ ಭಾವಮೈದ ಬಂದಾಗಲೆಲ್ಲ ಕೇಳುತ್ತಿದ್ದ. ಆಮೇಲೆ ಒಂದು ಗಂಡಿಗೆ ಮೂರು ಹೆಣ್ಣಿನಂತೆ ಗಪ್ಪಿ ಬಿಟ್ಟೆ, ಅವಕ್ಕೆ ಗಡಸು ನೀರೇ ಇಷ್ಟ. ಪಂಪ್ ಇಲ್ಲದ ಟ್ಯಾಂಕಿನಲ್ಲಿ ಮೀನು ಕಡಿಮೆ ಇರಬೇಕು. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ, ಬೆಳಗಿನ ಜಾವ ಎದ್ದು ನೋಡಿ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಸಂಖ್ಯೆ ಜಾಸ್ತಿಯಾಗಿದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಪಿಎಚ್ ಇಳಿಯಲಿ ಅಂತ ರಸ್ತೆ ಬದಿಯ ಕಾಡು ಬಾದಾಮಿ ಮರದ ಒಣಗಿದ ಎಲೆ ಹಾಕಿದೆ, ನೀರು ಚಹಾ ಬಣ್ಣಕ್ಕೆ ತಿರುಗಿತು. ಪಕ್ಕದ ಬಾಟಲಿಯಲ್ಲಿದ್ದ ಫೈಟರ್ ಮೀನು ಗೆಲುವಾಯಿತು, ಆದರೆ ದೊಡ್ಡ ಟ್ಯಾಂಕಿನ ಪಿಎಚ್ ಅಲುಗಲಿಲ್ಲ. ಮನಿ ಪ್ಲಾಂಟಿನ ಬೇರು ಇಳಿಬಿಟ್ಟದ್ದು ಬಹಳ ಒಳ್ಳೆಯದಾಯಿತು, ನೈಟ್ರೇಟ್ ಕಂಡಾಪಟ್ಟೆ ಇಳಿಯಿತು. ಈಗ ತಾರಸಿಯ ಮಳೆನೀರು ಹಿಡಿದು, ಬೋರಿನ ನೀರಿಗೆ ಅರ್ಧಕ್ಕರ್ಧ ಬೆರೆಸಿ ಇನ್ನೊಂದು ಟ್ಯಾಂಕ್ ಇಟ್ಟಿದ್ದೇನೆ. ಟೆಟ್ರಾ ಅದರಲ್ಲಿ ನಿಲ್ಲುತ್ತದೆ ಅಂತ ನನ್ನ ನಂಬಿಕೆ.

ಮೊದಲ ಮೀನು ಸತ್ತಿತು ಅಂತ ಟ್ಯಾಂಕನ್ನು ಅಟ್ಟಕ್ಕೆ ಏರಿಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಇಳಿಸಿ, ತೊಳೆದಿಡಿ. ಡಬ್ಬ ಹಿಡಿದುಕೊಂಡು ಬಂದರೆ ಒಂದು ಹಿಡಿ ವ್ಯಾಲಿಸ್ನೇರಿಯಾ ನಾನೇ ಕೊಡುತ್ತೇನೆ, ದುಡ್ಡು ಬೇಡ. ಗಪ್ಪಿಯನ್ನು ಮಾತ್ರ ಕಿಟ್ಟಿನಲ್ಲಿ ಸೊನ್ನೆ ಬಂದ ಮೇಲೇ ಕೊಡುವುದು.