ತೂಗುದೀಪಕ್ಕೆ ಪಾತ್ ಹಾಕಿದ ಬಗೆ

ಕ್ಯಾಟಲಾಗ್ ಪುಟವೊಂದಕ್ಕೆ ಹಿತ್ತಾಳೆ ತೂಗುದೀಪವನ್ನು ಸರಪಳಿ ಸಮೇತ ಹಿನ್ನೆಲೆಯಿಂದ ಬಿಡಿಸಬೇಕಿತ್ತು. ಅದಕ್ಕೆ ಫೋಟೊಶಾಪ್‌ನಲ್ಲಿ ಪಾತ್ ಹಾಕಿದೆ, ಅಂದರೆ ಅಂಚಿನುದ್ದಕ್ಕೂ ಬಿಂದು ಇಟ್ಟು ಕತ್ತರಿಸುವ ಗೆರೆ ಎಳೆದೆ. ಫೋಟೊ ತೆಗೆದದ್ದು ಬಿಳಿ ಹಾಳೆಯ ಮುಂದೆ, ಪುಟದ ಬಣ್ಣ ಕಡುಗೆಂಪು. ಇಂಥ ಕೆಲಸಕ್ಕೆ ನಾನು ಮ್ಯಾಜಿಕ್ ವಾಂಡ್ (ಒಂದೇ ಬಣ್ಣದ ಜಾಗವನ್ನು ಒಂದು ಕ್ಲಿಕ್ಕಿಗೆ ಆಯ್ದುಕೊಡುವ ಸಾಧನ) ಮುಟ್ಟುವುದಿಲ್ಲ. ಉಜ್ಜಿದ ಹಿತ್ತಾಳೆ ಕನ್ನಡಿ ಇದ್ದ ಹಾಗೆ. ಅಂಚಿನಲ್ಲಿ ಹಾಳೆಯ ಬಿಳುಪೇ ಹೊಳೆಯುವುದರಿಂದ ವಾಂಡ್ ಹಾಳೆಯ ಜೊತೆಗೆ ದೀಪದ ಹೊಟ್ಟೆಯನ್ನೂ ಕಚ್ಚುತ್ತದೆ. ಹಾಗೆ ಆಯ್ದ ಸೆಲೆಕ್ಷನ್ನನ್ನೇ ವರ್ಕ್ ಪಾತ್ (ಇನ್ನೂ ಹೆಸರಿಡದ ಪಾತ್) ಮಾಡಿದರೆ ಬೇಡದ ಬಿಂದುಗಳು ತುಂಬಿದ, ನಡುಗುವ ಗೆರೆ ಸಿಗುತ್ತದೆ.

ಮೊದಲು ಫೋಟೊಶಾಪ್‌ನಲ್ಲಿ ಫೋಟೊದ ಮೇಲೊಂದು ಕರ್ವ್ಸ್ ಲೇಯರ್ (ಬೆಳಕು-ನೆರಳು ಬದಲಿಸುವ ಪದರ) ಇಟ್ಟು, ಅದರಲ್ಲಿ ಹೈಲೈಟ್ (ಅತಿ ಬೆಳಕಿನ ಭಾಗ) ಕಡೆಯ ಗೆರೆಯನ್ನು ಚೆನ್ನಾಗಿ ಕೆಳಗೆಳೆದೆ. ಬಿಳುಪಿನಲ್ಲಿ ಅಡಗಿದ್ದ ಅಂಚು ತೆಳುವಾದ ಬೂದು ಗೆರೆಯಾಗಿ ಮೇಲೆ ಬಂತು. ಪಾತ್ ಮುಗಿದ ಕೂಡಲೇ ಈ ಲೇಯರ್ ಅಳಿಸಬೇಕು, ಇಲ್ಲವಾದರೆ ಚಿತ್ರ ಮಂಕಾಗಿಯೇ ಮುದ್ರಣಕ್ಕೆ ಹೋಗುತ್ತದೆ. ಬೆಳಕು ಹೆಚ್ಚಾಗಿ ಅಂಚು ಪೂರ್ತಿ ಬೆಳ್ಳಗಾಗಿರುವ ಕಡೆ ಕರ್ವ್ಸ್‌ನಿಂದಲೂ ಏನೂ ಸಿಗದು. ಅಲ್ಲಿ ಎದುರು ಬದಿಯ ಬಾಗು ನೋಡಿಕೊಂಡು ಎಳೆದೆ. ಲೇತ್‌ನಲ್ಲಿ ತಿರುಗಿಸಿದ ದೀಪವಾದ್ದರಿಂದ ಎರಡು ಬದಿಯೂ ಹೆಚ್ಚುಕಡಿಮೆ ಒಂದೇ.

ಪೆನ್ ಟೂಲ್ ಹಿಡಿದಾಗ ಮೇಲಿನ ಪಟ್ಟಿಯಲ್ಲಿ ‘ಶೇಪ್’ ಬದಲು ‘ಪಾತ್’ ಇದೆಯೇ ನೋಡಿಕೊಳ್ಳಿ. ಜೂಮ್ 200ರಿಂದ 300 ಪ್ರತಿಶತ ಸಾಕು. ಅದಕ್ಕಿಂತ ಹತ್ತಿರ ಹೋದರೆ ಕಣ್ಣಿಗೆ ಪಿಕ್ಸೆಲ್‌ಗಳೇ ಬೀಳುತ್ತವೆ, ವಸ್ತುವಿನ ಬಾಗು ಕೈತಪ್ಪುತ್ತದೆ.

ಪಾತ್ ಚೆನ್ನಾಗಿ ಬರುವುದೂ ಕೆಡುವುದೂ ಬಿಂದು ಇಡುವ ಜಾಗದಲ್ಲಿ. ದೀಪದ ಹೊಟ್ಟೆ ಅತಿ ಅಗಲವಾಗಿರುವಲ್ಲಿ ಒಂದು ಬಿಂದು ಇಟ್ಟು ಹಿಡಿಕೆಯನ್ನು (ಬಿಂದುವಿನಿಂದ ಹೊರಟು ಗೆರೆಯ ಬಾಗು ತಿದ್ದುವ ಕಡ್ಡಿ) ನೇರ ಲಂಬವಾಗಿ ಎಳೆದೆ. ಕತ್ತು ಅತಿ ಸಣ್ಣಗಾಗುವಲ್ಲಿ ಇನ್ನೊಂದು, ಅದಕ್ಕೂ ಲಂಬ ಹಿಡಿಕೆ. ನಡುವೆ ಬಾಗು ಒಳಗಿನಿಂದ ಹೊರಕ್ಕೆ ತಿರುಗುವ ಜಾಗಕ್ಕೆ ಬಿಂದು ಬೇಕಿಲ್ಲ, ಅದು ತಾನಾಗಿ ಕೂರುತ್ತದೆ. ಹಿಡಿಕೆಯ ಉದ್ದ ಎರಡು ಬಿಂದುಗಳ ನಡುವಿನ ತುಂಡಿನ ಮೂರನೇ ಒಂದು ಭಾಗದಷ್ಟಿದ್ದರೆ ಗೆರೆ ಹದವಾಗಿರುತ್ತದೆ. ಗೆರೆ ಅಂಚಿಗೆ ಹೊಂದಲಿಲ್ಲವೆಂದು ನಡುವೆ ಇನ್ನೊಂದು ಬಿಂದು ಸೇರಿಸುವ ಬದಲು ಕಂಟ್ರೋಲ್ ಒತ್ತಿಕೊಂಡು ಹಿಡಿಕೆಯನ್ನೇ ಸರಿಪಡಿಸಿ. ಬಿಂದು ಹೆಚ್ಚಾದಷ್ಟೂ ನುಣುಪಾದ ಲೋಹ ಮುದ್ರಣದಲ್ಲಿ ತಗ್ಗುದಿಣ್ಣೆಯಾಗಿ ಕಾಣುತ್ತದೆ. ಬತ್ತಿ ಇಡುವ ಮೂತಿಯಲ್ಲಿ ಗೆರೆ ಚೂಪಾಗಿ ತಿರುಗುತ್ತದೆ. ಅಲ್ಲಿ ಆಲ್ಟ್ ಒತ್ತಿ ಬಿಂದುವನ್ನು ಕ್ಲಿಕ್ ಮಾಡಿದರೆ ಮುಂದಿನ ಹಿಡಿಕೆ ಕಳಚಿಕೊಳ್ಳುತ್ತದೆ, ಹೊಸ ದಿಕ್ಕಿಗೆ ಸಲೀಸಾಗಿ ಹೋಗಬಹುದು.

ಗೆರೆ ಕಾಣುವ ಅಂಚಿನ ಮೇಲಲ್ಲ, 1ರಿಂದ 2 ಪಿಕ್ಸೆಲ್ ಒಳಗೆ ಹೋಗಬೇಕು. ಅಂಚಿನ ಪಿಕ್ಸೆಲ್‌ನಲ್ಲಿ ಹಿತ್ತಾಳೆಯ ಬಣ್ಣಕ್ಕೆ ಹಾಳೆಯ ಬಿಳುಪು ಬೆರೆತಿರುತ್ತದೆ. ಬಿಳಿ ಪುಟದಲ್ಲಿ ಅದು ತಿಳಿಯುವುದಿಲ್ಲ, ಕೆಂಪು ಪುಟದಲ್ಲಿ ದೀಪದ ಸುತ್ತ ಬಿಳಿ ದಾರ ಸುತ್ತಿದಂತೆ ಕಾಣುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಸರಪಳಿ. ಪ್ರತಿ ಕೊಂಡಿಯ ತೂತಿಗೂ ಅದೇ ಪಾತ್‌ನೊಳಗೆ ಬೇರೆ ಗೆರೆ ಬೇಕು, ಅಂಡಾಕಾರಕ್ಕೆ 4 ಬಿಂದು ಸಾಕು. ಇಲ್ಲಿ ‘ಎಕ್ಸ್‌ಕ್ಲೂಡ್ ಓವರ್‌ಲ್ಯಾಪಿಂಗ್ ಶೇಪ್ಸ್’ ಆಯ್ದಿರಬೇಕು, ತಪ್ಪಿದರೆ ತೂತು ತೂತಾಗದೆ ಬಿಳಿ ತೇಪೆಯಾಗಿ ಉಳಿಯುತ್ತದೆ. ಒಂದು ತೂತಿನ ಗೆರೆ ನಕಲು ಮಾಡಿ ಉಳಿದ ಕೊಂಡಿಗಳಿಗೆಲ್ಲ ಅಂಟಿಸಿದರೆ ನಡೆಯದು. ತೂಗುವ ಸರಪಳಿಯಲ್ಲಿ ಒಂದೊಂದು ಕೊಂಡಿ ಒಂದೊಂದು ಕೋನಕ್ಕೆ ತಿರುಗಿರುತ್ತದೆ.

ವರ್ಕ್ ಪಾತ್ ತಾತ್ಕಾಲಿಕ. ಅದರ ಆಯ್ಕೆ ಬಿಟ್ಟು ಇನ್ನೊಂದು ಗೆರೆ ಶುರುಮಾಡಿದರೆ ಮೊದಲಿನದು ಹೋಯಿತು. ಅದಕ್ಕೇ ನಾಲ್ಕು ಬಿಂದು ಇಟ್ಟ ಕೂಡಲೇ ಪಾತ್ಸ್ ಪ್ಯಾನೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಹೆಸರು ಕೊಡುತ್ತೇನೆ. ಮುಗಿದ ಮೇಲೆ ಅದೇ ಪ್ಯಾನೆಲ್‌ನ ಮೆನುವಿನಲ್ಲಿ ‘ಕ್ಲಿಪಿಂಗ್ ಪಾತ್’ (ಪುಟದಲ್ಲಿ ಗೆರೆಯ ಹೊರಗಿನದನ್ನು ಮರೆಮಾಡುವ ಪಾತ್) ಆಯ್ದು, ಫ್ಲ್ಯಾಟ್‌ನೆಸ್ (ಬಾಗು ಮುದ್ರಣದಲ್ಲಿ ಎಷ್ಟು ನಯವಾಗಿರಬೇಕೆಂಬ ಅಳತೆ) ಖಾಲಿ ಬಿಟ್ಟು, ಟಿಫ್ ಫೈಲ್ ಆಗಿ ಉಳಿಸಿದೆ. ಉಳಿಸುವ ಮುನ್ನ ಪಾತನ್ನು ಸೆಲೆಕ್ಷನ್ ಮಾಡಿ, ದೀಪವನ್ನಷ್ಟೇ ಹೊಸ ಲೇಯರ್‌ಗೆ ನಕಲು ಮಾಡಿ, ಕೆಳಗೆ ಪುಟದ ಕೆಂಪನ್ನೇ ತುಂಬಿ 100 ಪ್ರತಿಶತದಲ್ಲಿ ಅಂಚೆಲ್ಲ ಒಮ್ಮೆ ನೋಡಿದೆ. ಆಮೇಲೆ ಆ ಎರಡೂ ಲೇಯರ್ ತೆಗೆದೆ.

ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಚಿತ್ರ ಇಟ್ಟ ಮೇಲೂ ಬಿಳಿ ಚೌಕ ಹೋಗದಿದ್ದರೆ ಆಬ್ಜೆಕ್ಟ್ ಮೆನುವಿನ ಕ್ಲಿಪಿಂಗ್ ಪಾತ್ ಆಪ್ಷನ್ಸ್‌ನಲ್ಲಿ ‘ಫೋಟೊಶಾಪ್ ಪಾತ್’ ಆರಿಸಿ. ‘ಡಿಟೆಕ್ಟ್ ಎಡ್ಜಸ್’ ಬೇಡ, ಅದು ವಾಂಡ್‌ನ ತಪ್ಪನ್ನೇ ಮಾಡುತ್ತದೆ. ದೀಪದ ಆಕಾರಕ್ಕೆ ತಕ್ಕಂತೆ ಅಕ್ಷರ ಸುತ್ತಲು ಟೆಕ್ಸ್ಟ್ ರ‍್ಯಾಪ್‌ನಲ್ಲಿ ‘ಸೇಮ್ ಆ್ಯಸ್ ಕ್ಲಿಪಿಂಗ್’ ಇಟ್ಟು 3 ಮಿ.ಮೀ. ಅಂತರ ಕೊಟ್ಟೆ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುವುದರಿಂದ ದೀಪದ ಮೇಲ್ಭಾಗದ ಸಾಲುಗಳಲ್ಲಿ ಅಂತರ ಇನ್ನಷ್ಟು ಬೇಕಾಗಬಹುದು.

ದೀಪ ಹಚ್ಚಿದ್ದರೆ ಉರಿಗೆ ಈ ಪಾತ್ ಆಗದು. ಇದು ಚಾಕುವಿನ ಕೊರೆತ, ಉರಿಗೆ ಗಟ್ಟಿ ಅಂಚು ಎಲ್ಲಿಯದು? ಅದನ್ನು ಬೇರೆ ಲೇಯರ್‌ನಲ್ಲಿ ಮೆತ್ತನೆಯ ಮಾಸ್ಕ್ (ಬೇಡದ ಭಾಗ ಮರೆಮಾಡುವ ಮುಸುಕು) ಹಾಕಿ ಬಿಡಿಸಿ, ದೀಪದ ಪಾತನ್ನು ದೀಪದ ಲೇಯರ್‌ಗೆ ವೆಕ್ಟರ್ ಮಾಸ್ಕ್ (ಪಾತ್‌ನಿಂದಲೇ ಆದ ಮುಸುಕು) ಮಾಡಿ, ಹಿನ್ನೆಲೆಯ ಲೇಯರ್ ತೆಗೆದು ಫೋಟೊಶಾಪ್‌ನದೇ ಪಿಎಸ್‌ಡಿ ಫೈಲ್ ಆಗಿ ಪುಟಕ್ಕೆ ತರಬೇಕು. ಆಗ ಕ್ಲಿಪಿಂಗ್ ಪಾತ್ ಗೊತ್ತುಮಾಡಬೇಡಿ, ಗೊತ್ತುಮಾಡಿದರೆ ಉರಿಯನ್ನೂ ಕತ್ತರಿಸಿಬಿಡುತ್ತದೆ.